ಪ್ರಾಥಮಿಕ ಶಾಲೆಯ ತರಗತಿ ಕೋಣೆಯಲ್ಲಿ ದೈಹಿಕ ಚಟುವಟಿಕೆ: ಪೋಷಕರ ಹಾಗೂ ಸಾರ್ವಜನಿಕರ ಮಾಹಿತಿಗಾಗಿ

ಪ್ರಸ್ತಾವನೆ

ಮಗುವನ್ನು ಶಾಲೆಗೆ ದಾಖಲಿಸಿದ ಕೆಲವೇ ತಿಂಗಳುಗಳಲ್ಲಿ ಹಲವು ಪೋಷಕರು ಮುಖ್ಯ ಶಿಕ್ಷಕರ ಮುಂದೆ ಒಂದು ಆಕ್ಷೇಪವನ್ನು ಇಡುವುದುಂಟು. ತರಗತಿಯಲ್ಲಿ ಮಕ್ಕಳನ್ನು ಕುಣಿಸಲಾಗುತ್ತಿದೆ, ಪಾಠ ನಡೆಯುತ್ತಿಲ್ಲ ಎಂಬುದೇ ಆ ಆಕ್ಷೇಪ. ಮಗು ಮನೆಗೆ ಬಂದು ಇಂದು ಜಿಗಿದೆವು, ಹಾಡಿದೆವು, ಕೋಣೆಯ ಸುತ್ತ ನಡೆದೆವು ಎಂದು ಹೇಳಿದಾಗ, ಪುಸ್ತಕದಲ್ಲಿ ಬರವಣಿಗೆ ಕಾಣದ ಪೋಷಕರಿಗೆ ಆತಂಕವಾಗುವುದು ಸಹಜ. ತರಗತಿ ಕೋಣೆಯೊಳಗಿನ ದೈಹಿಕ ಚಟುವಟಿಕೆಯ ಸ್ವರೂಪ, ಅದರಿಂದಾಗುವ ಪ್ರಯೋಜನ, ವಹಿಸಬೇಕಾದ ಎಚ್ಚರಿಕೆ ಮತ್ತು ಈ ಸಂಬಂಧ ಪೋಷಕರಿಗಿರುವ ಹಕ್ಕುಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ತರಗತಿ ಚಟುವಟಿಕೆ ಎಂದರೇನು?

ಇದು ದೈಹಿಕ ಶಿಕ್ಷಣದ ಅವಧಿಯಲ್ಲ, ಬೆಳಗಿನ ಪ್ರಾರ್ಥನೆಯ ವೇಳೆ ಮಾಡಿಸುವ ಕವಾಯತೂ ಅಲ್ಲ, ವಿರಾಮದ ವೇಳೆಯ ಆಟವೂ ಅಲ್ಲ. ತರಗತಿ ಶಿಕ್ಷಕರೇ ಪಾಠದ ಅವಧಿಯೊಳಗೆ ಕೋಣೆಯಲ್ಲಿಯೇ ನಡೆಸುವ ಚಲನೆಯನ್ನು ತರಗತಿ ಚಟುವಟಿಕೆ ಎನ್ನಲಾಗುತ್ತದೆ. ಇದರಲ್ಲಿ ಎರಡು ಬಗೆಗಳಿವೆ. ಎರಡು ಪಾಠಗಳ ನಡುವೆ ಐದರಿಂದ ಹತ್ತು ನಿಮಿಷ ಮೈ ಸಡಿಲಿಸುವುದು ಒಂದು ಬಗೆ. ಪಾಠವನ್ನೇ ಚಲನೆಯ ಮೂಲಕ ಕಲಿಸುವುದು ಇನ್ನೊಂದು ಬಗೆ. ಮೊದಲನೆಯದು ಸುಲಭ. ಎರಡನೆಯದಕ್ಕೆ ಶಿಕ್ಷಕರ ಪೂರ್ವಸಿದ್ಧತೆ ಬೇಕಾಗುತ್ತದೆ, ಆದರೆ ಅದರ ಫಲವೂ ಹೆಚ್ಚು.

ನಲಿ-ಕಲಿಯ ನಂತರ

ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಪದ್ಧತಿಯನ್ನು ಆರಂಭಿಸಲಾಯಿತು. 2009-10ರಿಂದ ಅದನ್ನು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಲಾಯಿತು. ನಲಿ-ಕಲಿ ಕೋಣೆಯಲ್ಲಿ ಮಗುವು ಎದ್ದು ಹೋಗಿ ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲನ್ನು ಗುರುತಿಸುತ್ತದೆ, ತನ್ನ ಕಾರ್ಡನ್ನು ತಾನೇ ಆರಿಸಿ ತರುತ್ತದೆ, ಗುಂಪಿನಿಂದ ಗುಂಪಿಗೆ ಹೋಗುತ್ತದೆ, ಗೋಡೆಯ ಕೆಳಭಾಗದ ಕಪ್ಪುಹಲಗೆಯಲ್ಲಿ ನಿಂತು ಅಥವಾ ಕುಳಿತು ಬರೆಯುತ್ತದೆ. ಕಲಿಕೆಗಾಗಿ ಎದ್ದು ಓಡಾಡುವುದು ಅಲ್ಲಿ ಶಿಸ್ತಿನ ಉಲ್ಲಂಘನೆಯಲ್ಲ, ಕ್ರಮದ ಭಾಗವೇ ಆಗಿದೆ.

ಅದೇ ಮಗು ನಾಲ್ಕನೇ ತರಗತಿಗೆ ಬಂದಾಗ ಪರಿಸ್ಥಿತಿ ಒಮ್ಮೆಲೇ ಬದಲಾಗುತ್ತದೆ. ಪಠ್ಯಪುಸ್ತಕ, ಸಾಲಾಗಿ ಕೂರುವ ವ್ಯವಸ್ಥೆ, ನಲವತ್ತು ನಿಮಿಷಗಳ ಅವಧಿ. ಬೇಸಿಗೆ ರಜೆಯ ಎರಡು ತಿಂಗಳಲ್ಲಿ ಒಂಬತ್ತು ವರ್ಷದ ಮಗುವಿನ ಮೈಗುಣ ಬದಲಾಗಿರುವುದಿಲ್ಲ, ಬದಲಾದದ್ದು ಕೋಣೆಯ ವ್ಯವಸ್ಥೆ ಮಾತ್ರ. ಚಂಚಲ, ಗಮನವಿಲ್ಲ, ಪಕ್ಕದವರನ್ನು ಮಾತಾಡಿಸುತ್ತಾನೆ ಎಂಬ ದೂರುಗಳು ಈ ಹಂತದಲ್ಲಿ ಕೇಳಿಬಂದರೆ ಅವುಗಳ ಮೂಲವನ್ನು ಭಾಗಶಃ ಇಲ್ಲಿಯೂ ಹುಡುಕಬೇಕಾಗುತ್ತದೆ.

ದೈಹಿಕ ಶಿಕ್ಷಕರು ಇದ್ದಾರಲ್ಲ ಎಂಬ ಪ್ರಶ್ನೆ ಏಳಬಹುದು. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ರ ಅನುಸೂಚಿಯಂತೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಒದಗಿಸಬೇಕಾದುದು 6ರಿಂದ 8ನೇ ತರಗತಿಗಳಲ್ಲಿ ಮಕ್ಕಳ ದಾಖಲಾತಿ ನೂರಕ್ಕಿಂತ ಹೆಚ್ಚಿರುವ ಶಾಲೆಗಳಿಗೆ. 1ರಿಂದ 5ನೇ ತರಗತಿಗಳಿಗೆ ಅಂತಹ ಬೋಧಕರನ್ನು ಅನುಸೂಚಿ ಹೇಳುವುದಿಲ್ಲ. ಆದುದರಿಂದ ಕಿರಿಯ ಪ್ರಾಥಮಿಕ ಶಾಲೆಯ ಮಗುವಿನ ಮೈಗೆ ಚಲನೆ ಸಿಗುವುದೂ ಸಿಗದಿರುವುದೂ ಬಹುಮಟ್ಟಿಗೆ ತರಗತಿ ಶಿಕ್ಷಕರ ಕೈಯಲ್ಲಿಯೇ ಇರುತ್ತದೆ.

ಪಾಠದ ಸಮಯ ನಷ್ಟವಾಗುವುದೇ?

ಪೋಷಕರ ಮುಖ್ಯ ಆತಂಕ ಇದೇ ಆಗಿರುವುದರಿಂದ ಲೆಕ್ಕವನ್ನೇ ನೋಡಬಹುದು. ಮೇಲ್ಕಂಡ ಅಧಿನಿಯಮದಂತೆ 1ರಿಂದ 5ನೇ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳು ಹಾಗೂ 800 ಬೋಧನಾ ಗಂಟೆಗಳು ನಿಗದಿಯಾಗಿವೆ. ದಿನಕ್ಕೆ 10 ನಿಮಿಷದಂತೆ 200 ದಿನಗಳಿಗೆ 2000 ನಿಮಿಷ, ಅಂದರೆ 33 ಗಂಟೆ 20 ನಿಮಿಷ. ಇದು ಒಟ್ಟು ಬೋಧನಾ ಸಮಯದ ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪವೇ ಹೆಚ್ಚು. ಚಟುವಟಿಕೆಯೊಳಗೆ ಪಾಠವೂ ಸೇರಿದ್ದಲ್ಲಿ ಇಷ್ಟನ್ನೂ ಖರ್ಚಿನ ಬಾಬಿಗೆ ಬರೆಯುವಂತಿಲ್ಲ.

ಈ ಖರ್ಚಿಗೆ ಪ್ರತಿಯಾಗಿ ಏನು ದೊರೆಯುತ್ತದೆ ಎಂಬುದನ್ನು ಹಲವು ದೇಶಗಳಲ್ಲಿ ಪರೀಕ್ಷಿಸಲಾಗಿದೆ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಪೂರ್ವಭಾಗದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೆ ಸುಮಾರು ಹತ್ತು ನಿಮಿಷ ತರಗತಿಯಲ್ಲಿಯೇ ಚಟುವಟಿಕೆ ನಡೆಸಿದ ನಂತರ ಮಕ್ಕಳು ಪಾಠದಲ್ಲಿ ತೊಡಗಿರುವ ಪ್ರಮಾಣ ನೂರಕ್ಕೆ 8ರಷ್ಟು ಹೆಚ್ಚಿತು. ಮೊದಲು ಅತ್ಯಂತ ಕಡಿಮೆ ಗಮನ ನೀಡುತ್ತಿದ್ದ ಮಕ್ಕಳಲ್ಲಿ ಈ ಹೆಚ್ಚಳ ನೂರಕ್ಕೆ 20ರಷ್ಟಿತ್ತು. ಸುಮ್ಮನೆ ಕೂರಲಾರದ ಮಗುವಿಗೇ ಹೆಚ್ಚು ಪ್ರಯೋಜನವಾಯಿತು ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. 2009ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಒಂಬತ್ತೂವರೆ ವರ್ಷದ ಮಕ್ಕಳು 20 ನಿಮಿಷ ಚುರುಕಾಗಿ ನಡೆದ ನಂತರ, ವಿಶ್ರಾಂತಿಯಲ್ಲಿ ಕುಳಿತಿದ್ದ ನಂತರಕ್ಕಿಂತ ಗಮನದ ಪರೀಕ್ಷೆಯಲ್ಲಿಯೂ ಓದಿ ಅರ್ಥೈಸುವ ಪರೀಕ್ಷೆಯಲ್ಲಿಯೂ ಉತ್ತಮ ಫಲಿತಾಂಶ ಪಡೆದರು. ಇದರಲ್ಲಿ ಭಾಗವಹಿಸಿದ ಮಕ್ಕಳ ಸಂಖ್ಯೆ ಕೇವಲ 20 ಆಗಿರುವುದರಿಂದ ಇದೊಂದನ್ನೇ ಆಧಾರವಾಗಿ ಹಿಡಿಯುವುದು ಸರಿಯಲ್ಲ.

ನೆದರ್‌ಲ್ಯಾಂಡ್ಸ್ ದೇಶದ 12 ಪ್ರಾಥಮಿಕ ಶಾಲೆಗಳಲ್ಲಿ ಎರಡು ವರ್ಷ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಹೆಚ್ಚು ಉಪಯುಕ್ತ. ಅಲ್ಲಿ ಗಣಿತ ಮತ್ತು ಭಾಷಾ ಪಾಠಗಳನ್ನು ವಾರಕ್ಕೆ ಮೂರು ಬಾರಿ ಚಲನೆಯೊಂದಿಗೆ ಬೋಧಿಸಲಾಯಿತು. ಗಣಿತದಲ್ಲಿ ಮತ್ತು ಕಾಗುಣಿತದ ಶುದ್ಧತೆಯಲ್ಲಿ ಆ ಮಕ್ಕಳು ಮುಂದಿದ್ದರು. ಓದಿನಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದ 17 ಶಾಲೆಗಳಲ್ಲಿ ಮೂರು ವರ್ಷ ನಡೆದು 2017ರಲ್ಲಿ ವರದಿಯಾದ ಪ್ರಯೋಗದಲ್ಲಿ ಅಂಕಗಳಲ್ಲಿ ಹೆಚ್ಚಳ ಕಂಡುಬರಲಿಲ್ಲ, ಇಳಿಕೆಯೂ ಕಂಡುಬರಲಿಲ್ಲ. ಕುಣಿದರೆ ಅಂಕ ಬರುತ್ತದೆ ಎಂದು ಯಾರಾದರೂ ಭರವಸೆ ನೀಡಿದರೆ ಪೋಷಕರು ಅದನ್ನು ನಂಬಬೇಕಾಗಿಲ್ಲ. ಆದರೆ ಚಟುವಟಿಕೆಗೆ ಸಮಯ ನೀಡಿದ್ದರಿಂದ ಮಕ್ಕಳು ಹಿಂದೆ ಬಿದ್ದರು ಎಂಬುದು ಈ ಅಧ್ಯಯನಗಳಲ್ಲಿ ಎಲ್ಲಿಯೂ ಕಂಡುಬಂದಿಲ್ಲ.

ಆರೋಗ್ಯದ ದೃಷ್ಟಿಯಿಂದ, 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಮಧ್ಯಮದಿಂದ ತೀವ್ರ ಪ್ರಮಾಣದ ದೈಹಿಕ ಚಟುವಟಿಕೆ ಅವಶ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ತರಗತಿಯ ಹತ್ತು ನಿಮಿಷ ಇದರ ಒಂದು ಕಂತು ಮಾತ್ರ. ಉಳಿದುದು ಆಟದ ಮೈದಾನದಲ್ಲಿ, ಮನೆಯಂಗಳದಲ್ಲಿ, ಶಾಲೆಗೆ ನಡೆದುಹೋಗುವ ದಾರಿಯಲ್ಲಿ ಸಲ್ಲಬೇಕು.

ಪಾಠದೊಳಗಿನ ಚಲನೆ: ಕೆಲವು ಮಾದರಿಗಳು

ದುಬಾರಿ ಸಾಮಗ್ರಿ ಬೇಕಿಲ್ಲ. ಸೀಮೆಸುಣ್ಣ ಮತ್ತು ಖಾಲಿ ನೆಲ ಸಾಕು. ಮಕ್ಕಳಿಗೆ ಚಿರಪರಿಚಿತವಾದ ಕೆರೆ-ದಡ ಆಟವನ್ನೇ ತೆಗೆದುಕೊಳ್ಳಬಹುದು. ನೆಲದ ಮೇಲೆ ಒಂದು ಗೆರೆ, ಗೆರೆಯ ಒಂದು ಬದಿ ಕೆರೆ, ಇನ್ನೊಂದು ಬದಿ ದಡ. ಶಿಕ್ಷಕರು ಸಂಖ್ಯೆಯೊಂದನ್ನು ಹೇಳಿದಾಗ ಅದು ಸಮಸಂಖ್ಯೆಯಾದರೆ ದಡಕ್ಕೆ, ಬೆಸಸಂಖ್ಯೆಯಾದರೆ ಕೆರೆಗೆ ಮಕ್ಕಳು ಜಿಗಿಯಬೇಕು. ಇದೇ ಆಟವನ್ನು ಸರಿ-ತಪ್ಪು ಹೇಳಿಕೆಗಳಿಗೆ, ಏಕವಚನ-ಬಹುವಚನಕ್ಕೆ, ಸಸ್ಯಾಹಾರಿ-ಮಾಂಸಾಹಾರಿ ಪ್ರಾಣಿಗಳ ಪಾಠಕ್ಕೆ ಬಳಸಬಹುದು. ಯಾವ ಮಗುವಿಗೆ ವಿಷಯ ತಿಳಿದಿಲ್ಲ ಎಂಬುದು ಉತ್ತರ ಪತ್ರಿಕೆ ತಿದ್ದುವ ಮುನ್ನವೇ ಶಿಕ್ಷಕರಿಗೆ ಕಾಣುತ್ತದೆ.

ಸಂಖ್ಯಾರೇಖೆಯ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. 7ಕ್ಕೆ 5 ಕೂಡಿಸುವಾಗ ಹಲವು ಮಕ್ಕಳು 7ನ್ನೇ ಮೊದಲನೆಯದಾಗಿ ಎಣಿಸಿ 11 ಎಂದು ಬರೆಯುತ್ತಾರೆ. ಸ್ಲೇಟಿನ ಮೇಲೆ ಇದು ಕೇವಲ ತಪ್ಪು ಉತ್ತರ. ತಪ್ಪು ಎಲ್ಲಿ ಆಯಿತು ಎಂಬುದು ಅಲ್ಲಿ ತಿಳಿಯುವುದಿಲ್ಲ. ನೆಲದ ಮೇಲೆ 0ರಿಂದ 20ರವರೆಗೆ ಬರೆದ ರೇಖೆಯಲ್ಲಿ 7ರ ಮೇಲೆ ನಿಂತ ಮಗು ಹೆಜ್ಜೆ ಎತ್ತುವ ಮೊದಲೇ ಒಂದು ಎಂದು ಎಣಿಸಿದರೆ ತರಗತಿಯೆಲ್ಲವೂ ಅದನ್ನು ಗುರುತಿಸುತ್ತದೆ, ಮಗುವೂ ಗುರುತಿಸುತ್ತದೆ. ವ್ಯವಕಲನಕ್ಕೆ ಹಿಂದಕ್ಕೆ ನಡೆದರಾಯಿತು. ಮಗ್ಗಿಗೆ ಮೂರು ಮನೆಗೊಂದು, ನಾಲ್ಕು ಮನೆಗೊಂದು ಜಿಗಿತ. ಕುಂಟೆಬಿಲ್ಲೆ ಆಡಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಪರಿಸರ ಅಧ್ಯಯನದಲ್ಲಿ ಪೂರ್ವಕ್ಕೆ ಮುಖ ಮಾಡಿ ಕೈ ಚಾಚಿದರೆ ಎಡಗೈ ಉತ್ತರಕ್ಕೂ ಬಲಗೈ ದಕ್ಷಿಣಕ್ಕೂ ನಿಲ್ಲುತ್ತದೆ. ಎರಡು ತೋಳುಗಳಿಂದ ಲಂಬಕೋನ, ಸರಳಕೋನಗಳನ್ನು ತೋರಿಸಬಹುದು. ಅಭಿನಯ ಗೀತೆಗಳು ಎಲ್ಲ ಶಾಲೆಗಳಲ್ಲಿಯೂ ಬಳಕೆಯಲ್ಲಿರುವುದರಿಂದ ಅವುಗಳ ವಿವರಣೆ ಅನಗತ್ಯ. ಎಲ್ಲ ಪಾಠಕ್ಕೂ ಚಲನೆಯನ್ನು ಒತ್ತಾಯದಿಂದ ಹೊಂದಿಸಬೇಕಾಗಿಯೂ ಇಲ್ಲ. ಕಥೆ ಕೇಳುವಾಗ ಮಕ್ಕಳು ತಾವಾಗಿಯೇ ಸುಮ್ಮನೆ ಕೂರುತ್ತಾರೆ.

ವಹಿಸಬೇಕಾದ ಎಚ್ಚರಿಕೆ

ಬೆಂಚುಗಳ ನಡುವೆ ಓಟ ಕೂಡದು. ನಿಂತಲ್ಲಿಯೇ ಮಾಡುವ ಚಲನೆ ಇಕ್ಕಟ್ಟಾದ ಕೋಣೆಗೆ ಸೂಕ್ತ. ಮಲೆನಾಡು ಮತ್ತು ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮೈದಾನ ಉಪಯೋಗಕ್ಕೆ ಬಾರದ ದಿನಗಳೇ ಹೆಚ್ಚಾಗಿದ್ದು, ಅಲ್ಲಿ ತರಗತಿ ಚಟುವಟಿಕೆ ಅತ್ಯಂತ ಅವಶ್ಯ. ಆದರೆ ಒದ್ದೆ ಕಾಲಿನಿಂದ ನೆಲ ಜಾರುವುದೂ ಅದೇ ತಿಂಗಳುಗಳಲ್ಲಿ. ಕಲಬುರಗಿ, ರಾಯಚೂರು ಮುಂತಾದ ಜಿಲ್ಲೆಗಳಲ್ಲಿ ಬೇಸಿಗೆ ಸಮೀಪಿಸಿದಾಗ ಬೆಳಗಿನ ಮೊದಲ ಅವಧಿಗಳಲ್ಲಿಯೇ ನಡೆಸುವುದು ಮತ್ತು ನಂತರ ನೀರು ಕುಡಿಸುವುದು ಒಳ್ಳೆಯದು. ಮಧ್ಯಾಹ್ನದ ಬಿಸಿಯೂಟವಾದ ತಕ್ಷಣ ಜಿಗಿತ ಮಾಡಿಸಬಾರದು.

ಚಟುವಟಿಕೆಯ ವೇಳೆ ಮೂಲೆಯಲ್ಲಿ ಕುಳಿತುಬಿಡುವ ಮಗುವನ್ನು ಸೋಮಾರಿ ಎಂದು ತೀರ್ಮಾನಿಸುವುದು ಸರಿಯಲ್ಲ. ರಕ್ತಹೀನತೆಯಿರುವ ಮಗು ಬೇಗ ದಣಿಯುತ್ತದೆ. ಬೆಳಿಗ್ಗೆ ಏನೂ ತಿನ್ನದೆ ಬಂದ ಮಗುವೂ ಹಾಗೆಯೇ. ಶಾಲೆಯಲ್ಲಿ ವಾರಕ್ಕೊಮ್ಮೆ ನೀಡಲಾಗುವ ಕಬ್ಬಿಣಾಂಶದ ಮಾತ್ರೆಯನ್ನು ಮಗು ಸೇವಿಸುತ್ತಿದೆಯೇ ಎಂದು ಪೋಷಕರು ವಿಚಾರಿಸುವುದು ಸೂಕ್ತ. ಉಬ್ಬಸ, ಹೃದಯದ ತೊಂದರೆ, ಮೂರ್ಛೆರೋಗ ಇದ್ದಲ್ಲಿ ದಾಖಲಾತಿಯ ಸಮಯದಲ್ಲಿಯೇ ತರಗತಿ ಶಿಕ್ಷಕರಿಗೆ ಲಿಖಿತವಾಗಿ ತಿಳಿಸತಕ್ಕದ್ದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಶಾಲೆಗೆ ತಪಾಸಣೆಗೆ ಬಂದಾಗಲೂ ಇದನ್ನು ಗಮನಕ್ಕೆ ತರಬಹುದು.

ವಿಕಲಚೇತನ ಮಕ್ಕಳನ್ನು ಅಂಕ ಬರೆದುಕೊಳ್ಳುವ, ಚಪ್ಪಾಳೆ ತಟ್ಟುವ ಕೆಲಸಕ್ಕೆ ಮಾತ್ರ ಸೀಮಿತಗೊಳಿಸಲಾಗದು. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಪ್ರಕರಣ 16ರಂತೆ ಕ್ರೀಡೆ ಮತ್ತು ಮನರಂಜನೆಯಲ್ಲಿ ಇತರರೊಂದಿಗೆ ಸಮಾನ ಅವಕಾಶ ಅವರಿಗೂ ಸಲ್ಲತಕ್ಕದ್ದು. ಗಾಲಿಕುರ್ಚಿಯಲ್ಲಿರುವ ಮಗು ಸಂಖ್ಯಾರೇಖೆಯ ಮೇಲೆ ಮುಂದೆ ಹಿಂದೆ ಚಲಿಸಬಹುದು. ಅದಕ್ಕೆ ರೇಖೆಯ ಮನೆಗಳನ್ನು ಸ್ವಲ್ಪ ದೊಡ್ಡದಾಗಿ ಬರೆದರೆ ಸಾಕು.

ಶಿಕ್ಷೆಗೂ ಚಟುವಟಿಕೆಗೂ ಇರುವ ವ್ಯತ್ಯಾಸ

ಮನೆಗೆಲಸ ಮಾಡದ ಮಗುವಿಗೆ ಬಸ್ಕಿ ಹೊಡೆಸುವುದು, ಮೈದಾನ ಸುತ್ತಿಸುವುದು, ಬೆಂಚಿನ ಮೇಲೆ ನಿಲ್ಲಿಸುವುದು ವ್ಯಾಯಾಮವಲ್ಲ. ಶಿಕ್ಷಣ ಹಕ್ಕು ಅಧಿನಿಯಮದ ಪ್ರಕರಣ 17ರ ಮೇರೆಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ನಿಷೇಧಿಸಲಾಗಿದೆ. ಚಲನೆಯನ್ನು ಶಿಕ್ಷೆಯಾಗಿ ಅನುಭವಿಸಿದ ಮಗು ಮುಂದೆ ಆಟದಿಂದಲೇ ದೂರ ಸರಿಯುತ್ತದೆ. ಇದಕ್ಕೆ ವಿರುದ್ಧವಾದ ರೂಢಿಯೂ ಉಂಟು. ಲೆಕ್ಕ ತಪ್ಪಿದ್ದಕ್ಕೆ ಆಟದ ಅವಧಿಯನ್ನು ಕಸಿದುಕೊಳ್ಳುವುದು, ಪರೀಕ್ಷೆ ಹತ್ತಿರ ಬಂದಾಗ ಆ ಅವಧಿಯನ್ನು ಗಣಿತಕ್ಕೆ ವರ್ಗಾಯಿಸುವುದು. ಹಿಂದಿನ ಅಧ್ಯಯನಗಳ ಹಿನ್ನೆಲೆಯಲ್ಲಿ ನೋಡಿದರೆ, ಯಾವ ಮಗುವಿಗೆ ಚಲನೆ ಹೆಚ್ಚು ಬೇಕಾಗಿದೆಯೋ ಆ ಮಗುವೇ ಇದರಿಂದ ಹೆಚ್ಚು ವಂಚಿತವಾಗುತ್ತದೆ.

ಪೋಷಕರು ಅನುಸರಿಸಬೇಕಾದ ಕ್ರಮ

ತರಗತಿ ಚಟುವಟಿಕೆಗಾಗಿ ಯಾವುದೇ ಅರ್ಜಿ ಸಲ್ಲಿಸಬೇಕಾಗಿಲ್ಲ. ಮಗುವಿನ ಶಾಲೆಯಲ್ಲಿ ಇದು ನಡೆಯುತ್ತಿಲ್ಲವೆಂದು ಕಂಡುಬಂದಲ್ಲಿ ಮೊದಲು ತರಗತಿ ಶಿಕ್ಷಕರೊಂದಿಗೆ, ನಂತರ ಮುಖ್ಯ ಶಿಕ್ಷಕರೊಂದಿಗೆ ಚರ್ಚಿಸುವುದು. ಬಹುತೇಕ ಸಂದರ್ಭಗಳಲ್ಲಿ ಇಷ್ಟೇ ಸಾಕಾಗುತ್ತದೆ. ಕೋಣೆಯ ಇಕ್ಕಟ್ಟು, ಒಡೆದ ನೆಲ, ಮುರಿದ ಪೀಠೋಪಕರಣಗಳ ರಾಶಿ ಮುಂತಾದ ಅಡ್ಡಿಗಳಿದ್ದರೆ ವಿಷಯವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಮಂಡಿಸಬಹುದು. ಅಧಿನಿಯಮದ ಪ್ರಕರಣ 21ರಂತೆ ಶಾಲಾ ನಿರ್ವಹಣಾ ಸಮಿತಿಯ ಸದಸ್ಯರಲ್ಲಿ ಕನಿಷ್ಠ ನಾಲ್ಕನೇ ಮೂರರಷ್ಟು ಮಂದಿ ಪೋಷಕರು ಅಥವಾ ಪಾಲಕರೇ ಆಗಿರಬೇಕು.

ದೈಹಿಕ ಶಿಕ್ಷೆ ಅಥವಾ ಹಕ್ಕಿನ ಉಲ್ಲಂಘನೆಯ ದೂರಾದಲ್ಲಿ ಪ್ರಕರಣ 32ರ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಸಲ್ಲಿಸಬಹುದು. ದೂರನ್ನು ಮೂರು ತಿಂಗಳೊಳಗೆ ಇತ್ಯರ್ಥಪಡಿಸಬೇಕಾಗುತ್ತದೆ. ತೀರ್ಮಾನ ಒಪ್ಪಿಗೆಯಾಗದಿದ್ದಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ತುರ್ತು ಸಂದರ್ಭದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಸರ್ಕಾರಿ ಶಾಲೆಯ ವೇಳಾಪಟ್ಟಿಯ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಕೋರಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಈ ಶುಲ್ಕದಿಂದ ವಿನಾಯಿತಿ ಇದೆ. ಆದರೆ ವೇಳಾಪಟ್ಟಿ ಸಾಮಾನ್ಯವಾಗಿ ಮುಖ್ಯ ಶಿಕ್ಷಕರ ಕೊಠಡಿಯ ಗೋಡೆಯ ಮೇಲೆಯೇ ಇರುವುದರಿಂದ, ಅರ್ಜಿಗೆ ಮೊದಲು ಅದನ್ನು ಒಮ್ಮೆ ಖುದ್ದಾಗಿ ನೋಡಿ ಬರುವುದು ಸುಲಭ.