ಅಚ್ಚುಮೊಳೆಯಿಂದ ಆರಂಭಿಸೋಣ

'ರಾಷ್ಟ್ರ' ಎಂಬ ಪದವನ್ನು ಗಮನಿಸಿ. ಷಕಾರಕ್ಕೆ ಟಕಾರ, ರಕಾರಗಳ ಎರಡು ಒತ್ತುಗಳಿವೆ. ಇವುಗಳಿಗೆ ಸಾಲಿನ ಕೆಳಗೆ ಜಾಗ ಬೇಕು. ರೋಮನ್ ಲಿಪಿಗೆ ಸಾಕಾಗುವಷ್ಟೇ ಅಂತರವನ್ನು ಕನ್ನಡಕ್ಕೂ ಕೊಟ್ಟರೆ ಒತ್ತು ಕೆಳಸಾಲಿನ ತಲೆಕಟ್ಟಿಗೆ ತಾಗುತ್ತದೆ. ಕೆಲವೊಮ್ಮೆ ಕತ್ತರಿಸಿಯೇ ಹೋಗುತ್ತದೆ. ಆಗ 'ಹಳ್ಳಿ'ಯು 'ಹಳಿ'ಯಾಗುತ್ತದೆ! ವಿನ್ಯಾಸದ ವಿದ್ಯಾರ್ಥಿಗಳಿಗೆ ಮುದ್ರಣಾಕ್ಷರಗಳ ಇತಿಹಾಸವನ್ನು ಏಕೆ ಕಲಿಸಬೇಕೆಂಬ ಪ್ರಶ್ನೆಗೆ ಇದೇ ಉತ್ತರ.

ಆದರೆ ಅದನ್ನು ಹೆಸರು, ಇಸವಿಗಳ ಪಟ್ಟಿಯಾಗಿ ಕಲಿಸಿದರೆ ಪ್ರಯೋಜನವಿಲ್ಲ. ಪದಾರ್ಥದಿಂದ ಆರಂಭಿಸಬೇಕು. ಬಿಡಿ ಮೊಳೆಗಳು ಚೀನಾ, ಕೊರಿಯಾಗಳಲ್ಲಿ ಮೊದಲೇ ಇದ್ದವು. ಜರ್ಮನಿಯ ಮೈಂಜ್ ನಗರದಲ್ಲಿ ಗುಟೆನ್‌ಬರ್ಗ್ ಲೋಹದ ಮೊಳೆಗಳಿಂದ ಬೈಬಲ್ ಮುದ್ರಿಸಿದ್ದು 1455ರ ಸುಮಾರಿಗೆ. ಮೊಳೆಗೆ ಸೀಸವೊಂದೇ ಏಕೆ ಸಾಲದು? ಸೀಸ ಮೃದು, ಘನೀಭವಿಸುವಾಗ ಕುಗ್ಗುತ್ತದೆ. ಆಂಟಿಮನಿ ಬೆರೆಸಿದರೆ ಗಡಸಾಗುತ್ತದೆ, ಕುಗ್ಗುವಿಕೆಯೂ ಕಡಿಮೆಯಾಗಿ ಅಂಚುಗಳು ಸ್ಪಷ್ಟವಾಗಿ ಮೂಡುತ್ತವೆ. ಶುದ್ಧ ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಬೇಕು. ಶೇ. 12 ಆಂಟಿಮನಿ, ಶೇ. 4 ತವರ ಬೆರೆತ ಮಿಶ್ರಲೋಹಕ್ಕೆ ಸುಮಾರು 240 ಡಿಗ್ರಿ ಸಾಕು.

ಈಗ ಕನ್ನಡಕ್ಕೆ ಬನ್ನಿ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಮೊಳೆಗಳಿಂದ ಅಚ್ಚಾಯಿತು. ಆದರೆ 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಆರಂಭಿಸಿದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಬಂತು. ಇದು ಹಿನ್ನಡೆಯೇ? ಅಲ್ಲ. 34 ವ್ಯಂಜನ, ಅವುಗಳ ಗುಣಿತ, ಒತ್ತು ಎಲ್ಲಕ್ಕೂ ನೂರಾರು ಬಗೆಯ ಮೊಳೆಗಳನ್ನು ಎರಕ ಹೊಯ್ಯಬೇಕು. ಕಲ್ಲಚ್ಚಿಗೆ ಮೊಳೆಯೇ ಬೇಡ. ಜಿಡ್ಡಿನ ಶಾಯಿಯ ಬರಹ ಕಲ್ಲಿನ ಮೇಲೆ ಮೂಡಿದರೆ ಸಾಕು; ನೀರು ಹೀರಿದ ಭಾಗ ಶಾಯಿಯನ್ನು ದೂರವಿಡುತ್ತದೆ, ಜಿಡ್ಡಿನ ಭಾಗ ಹಿಡಿದುಕೊಳ್ಳುತ್ತದೆ. ತಂತ್ರಜ್ಞಾನದ ಇತಿಹಾಸ ಸದಾ ನೇರ ಗೆರೆಯಲ್ಲಿ ಸಾಗುವುದಿಲ್ಲವೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಇಂದು ಸೀಸವೂ ಇಲ್ಲ, ಕಲ್ಲೂ ಇಲ್ಲ. ಯೂನಿಕೋಡ್‌ನಲ್ಲಿ ಮೂಲಾಕ್ಷರ, ಚಿಹ್ನೆಗಳಿಗೆ ಮಾತ್ರ ಸಂಕೇತಗಳಿವೆ. 'ಷ್ಟ್ರ'ದಂಥ ಸಂಯುಕ್ತಾಕ್ಷರದ ರೂಪವನ್ನು ಫಾಂಟ್ ಒದಗಿಸಬೇಕು. ಅಂದರೆ ಮೊಳೆ ಕೊರೆಯುವವನ ಹೊಣೆ ಈಗ ವಿನ್ಯಾಸಕಾರರ ಮೇಲಿದೆ.

ನಿಮ್ಮ ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸಿ. ಅರ್ಧ ಆಲೂಗೆಡ್ಡೆಯ ಮೇಲೆ 'ಳ್ಳಿ' ಕೊರೆದು, ಶಾಯಿ ಹಚ್ಚಿ ಕಾಗದಕ್ಕೆ ಒತ್ತಲಿ. ಅಕ್ಷರವನ್ನು ಕನ್ನಡಿಯ ಬಿಂಬದಂತೆ ಕೊರೆಯಬೇಕೆಂದು ಮೊದಲ ಸಲಕ್ಕೇ ತಿಳಿಯುತ್ತದೆ. ಎರಡನೆಯ ಸಾಲು ಒತ್ತುವಾಗ, ಒತ್ತಿಗೆ ಎಷ್ಟು ಜಾಗ ಬಿಡಬೇಕೆಂದು ಅವರೇ ಕಂಡುಕೊಳ್ಳುತ್ತಾರೆ. ಅಂಥ ವಿದ್ಯಾರ್ಥಿ ಮುಂದೆ ಪಠ್ಯಪುಸ್ತಕದ ಪುಟ ವಿನ್ಯಾಸ ಮಾಡುವಾಗ ಮಕ್ಕಳ ಓದಿಗೆ ತೊಡಕಾಗಲು ಬಿಡಲಾರ.