ಕ್ರಿಸ್‌ಮಸ್ ರೇಡಿಯೊ ಕಾರ್ಯಕ್ರಮಗಳು, ಬ್ರಿಟನ್ (1928–60)

ಬ್ರಿಟಿಷ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್ (ಬಿಬಿಸಿ) ಪ್ರತಿವರ್ಷ ಡಿಸೆಂಬರ್ 24 ಮತ್ತು 25ರಂದು ಬಿತ್ತರಿಸುತ್ತಿದ್ದ ವಿಶೇಷ ಬಾನುಲಿ ಕಾರ್ಯಕ್ರಮಗಳ ಸಾಲು. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾ ಮಂದಿರದಿಂದ ಬರುತ್ತಿದ್ದ ಕ್ಯಾರೊಲ್ ಗಾಯನ, ಮಧ್ಯಾಹ್ನ 3 ಗಂಟೆಯ ರಾಜಸಂದೇಶ, ಅದಕ್ಕೆ ಮುನ್ನ ದೇಶವಿದೇಶಗಳ ಶುಭಾಶಯಗಳನ್ನು ಹೆಣೆದ ರೂಪಕ, ಮಕ್ಕಳ ನಾಟಕ, ಸಂಜೆಯ ಹಾಸ್ಯ ಮತ್ತು ನೃತ್ಯಸಂಗೀತ ಇದರ ಮುಖ್ಯ ಅಂಗಗಳು. ಇವೆಲ್ಲ ಅನಾದಿಯಿಂದ ನಡೆದುಬಂದ ಪದ್ಧತಿಗಳೆಂಬ ಭಾವನೆ ಶತಮಾನದ ನಡುಗಾಲಕ್ಕಾಗಲೇ ಬೇರೂರಿತ್ತು. ಆದರೆ ಒಂದೊಂದು ಪದ್ಧತಿಯ ಹುಟ್ಟಿದ ವರ್ಷವನ್ನು ಹುಡುಕಿದರೆ ಬಹುಪಾಲು ಇಪ್ಪತ್ತು ಮೂವತ್ತು ವರ್ಷಗಳಾಚೆ ಹೋಗುವುದಿಲ್ಲ. ಅವುಗಳಿಗೆ ಇಷ್ಟು ಬೇಗ ಸಂಪ್ರದಾಯದ ಪಟ್ಟ ಸಿಕ್ಕಿದ್ದು ಹಳಮೆಯಿಂದಲ್ಲ, ವೇಳಾಪಟ್ಟಿಯಿಂದ. ಊರೂರುಗಳಲ್ಲಿ ಬಾಗಿಲು ಹಾಕಿಕೊಂಡು ಆಚರಿಸುವ ಮನೆಹಬ್ಬಕ್ಕೆ ರೇಡಿಯೊ ಎಲ್ಲರಿಗೂ ಸೇರಿದ ಒಂದು ಗಡಿಯಾರವನ್ನು ಕೊಟ್ಟಿತು.

ಕಿಂಗ್ಸ್ ಕಾಲೇಜಿನ ಕ್ಯಾರೊಲ್ ಸೇವೆಯನ್ನೇ ನೋಡಬಹುದು. ಒಂಬತ್ತು ಬೈಬಲ್ ಪಾಠಗಳ ನಡುವೆ ಕ್ಯಾರೊಲ್‌ಗಳನ್ನು ಹಾಡುವ ಈ ಕ್ರಮವನ್ನು 1880ರಲ್ಲಿ ಕಾರ್ನ್‌ವಾಲ್‌ನ ಟ್ರೂರೊದಲ್ಲಿ ಬಿಷಪ್ ಇ. ಡಬ್ಲ್ಯು. ಬೆನ್ಸನ್ ಬಳಕೆಗೆ ತಂದಿದ್ದರು. ಮೊದಲ ಮಹಾಯುದ್ಧದಲ್ಲಿ ಸೇನೆಯ ಪಾದ್ರಿಯಾಗಿದ್ದ ಎರಿಕ್ ಮಿಲ್ನರ್-ವೈಟ್ ಕಿಂಗ್ಸ್ ಕಾಲೇಜಿನ ಡೀನ್ ಆದೊಡನೆ, 1918ರ ಕ್ರಿಸ್‌ಮಸ್ ಮುನ್ನಾದಿನ, ಅದನ್ನು ಅಲ್ಲಿ ಆರಂಭಿಸಿದರು. 1928ರಲ್ಲಿ ಬಿಬಿಸಿ ಅದನ್ನು ಮೊದಲ ಬಾರಿಗೆ ಪ್ರಸಾರ ಮಾಡಿತು. 1930ರಲ್ಲೊಮ್ಮೆ ತಪ್ಪಿದ್ದು ಬಿಟ್ಟರೆ ಮುಂದೆ ಅದು ನಿಲ್ಲಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಬಾಂಬಿನ ಭಯದಿಂದ ಮಂದಿರದ ಪುರಾತನ ಬಣ್ಣದ ಗಾಜುಗಳನ್ನು ಕಳಚಿಡಲಾಯಿತು, ಒಳಗೆ ಕಾವಿನ ಏರ್ಪಾಡೂ ಇರಲಿಲ್ಲ. ಭದ್ರತೆಯ ಕಾರಣಕ್ಕೆ ಸ್ಥಳದ ಹೆಸರನ್ನು ಹೇಳುವಂತೆಯೂ ಇರಲಿಲ್ಲ. ಆದರೂ ಪ್ರಸಾರ ನಡೆಯಿತು. ಒಂದು ಕಾಲೇಜಿನ ಸೇವೆ ದೇಶದ ಸೇವೆಯಾದದ್ದು ಹೀಗೆ: ಎಲ್ಲಿಂದ ಬರುತ್ತಿದೆ ಎಂದು ಹೇಳದಿದ್ದಾಗಲೂ ಡಿಸೆಂಬರ್ 24ರ ಮಧ್ಯಾಹ್ನ ಅದು ಬಂದೇ ಬರುತ್ತದೆ ಎಂಬ ಭರವಸೆ ಕೇಳುಗರಿಗಿತ್ತು.

ರಾಜಸಂದೇಶದ ಕಥೆ ಇನ್ನೂ ಸ್ಪಷ್ಟ. ಬಿಬಿಸಿಯ ಎಂಪೈರ್ ಸರ್ವಿಸ್ ಡ್ಯಾವೆಂಟ್ರಿಯ ಶಾರ್ಟ್‌ವೇವ್ ಕೇಂದ್ರದಿಂದ 1932ರ ಡಿಸೆಂಬರ್ 19ರಂದು ಶುರುವಾಯಿತು. ಆರೇ ದಿನಗಳ ಬಳಿಕ ಐದನೇ ಜಾರ್ಜ್ ಸ್ಯಾಂಡ್ರಿಂಗ್‌ಹ್ಯಾಮ್ ಅರಮನೆಯಿಂದ ಮಾತಾಡಿದ. ಮಹಾನಿರ್ದೇಶಕ ಜಾನ್ ರೀತ್ ಬಹುಕಾಲದಿಂದ ಒತ್ತಾಯಿಸುತ್ತಿದ್ದರೂ ದೊರೆಗೆ ಮೊದಲು ಮನಸ್ಸಿರಲಿಲ್ಲ. ಭಾಷಣ ಬರೆದುಕೊಟ್ಟವನು ರಡ್ಯರ್ಡ್ ಕಿಪ್ಲಿಂಗ್. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯೇ ಸ್ಟುಡಿಯೊ. ಹಾಳೆಗಳ ಸರಸರ ಸದ್ದು ಮೈಕಿಗೆ ತಾಗದಿರಲೆಂದು ಮೇಜಿಗೆ ದಪ್ಪ ಬಟ್ಟೆ ಹಾಸಿದ್ದರು. ಧ್ವನಿ ಟೆಲಿಫೋನ್ ತಂತಿಯಲ್ಲಿ ಲಂಡನ್ನಿನ ಬ್ರಾಡ್‌ಕಾಸ್ಟಿಂಗ್ ಹೌಸ್‌ಗೆ, ಅಲ್ಲಿಂದ ಡ್ಯಾವೆಂಟ್ರಿಗೆ, ಅಲ್ಲಿಂದ ಆಕಾಶಕ್ಕೆ ಹೋಯಿತು. ಸುಮಾರು 2 ಕೋಟಿ ಜನ ಕೇಳಿದರೆಂಬ ಅಂದಾಜಿದೆ. ಮಧ್ಯಾಹ್ನ 3 ಗಂಟೆಯ ಆಯ್ಕೆಗೆ ಧಾರ್ಮಿಕ ಕಾರಣವೇನೂ ಇರಲಿಲ್ಲ. ಸಾಮ್ರಾಜ್ಯದ ಹೆಚ್ಚು ದೇಶಗಳಿಗೆ ಶಾರ್ಟ್‌ವೇವ್ ಚೆನ್ನಾಗಿ ಮುಟ್ಟುವ ಹೊತ್ತು ಅದಾಗಿತ್ತು. ಲಂಡನ್ನಿನಲ್ಲಿ 3 ಗಂಟೆಯೆಂದರೆ ಟೊರಾಂಟೊದಲ್ಲಿ ಬೆಳಿಗ್ಗೆ 10, ಭಾರತದಲ್ಲಿ ರಾತ್ರಿ ಎಂಟೂವರೆ, ಸಿಡ್ನಿಯಲ್ಲಿ ಮರುದಿನದ ನಸುಕಿನ 1 ಗಂಟೆ. ಎಂಜಿನಿಯರರ ಈ ಲೆಕ್ಕಾಚಾರ ಬ್ರಿಟನ್ನಿನ ಮನೆಗಳಲ್ಲಿ ಹಬ್ಬದೂಟವನ್ನು ಯಾವ ಹೊತ್ತಿಗೆ ಮುಗಿಸಬೇಕೆಂಬ ನಿಯಮವಾಗಿ ಬದಲಾಯಿತು.

ಆದರೆ 1932ರ ಒಂದು ಭಾಷಣದಿಂದ ಸಂಪ್ರದಾಯ ಹುಟ್ಟಿತೆಂದು ಹೇಳುವಂತಿಲ್ಲ. ಐದನೇ ಜಾರ್ಜ್ 1936ರ ಜನವರಿಯಲ್ಲಿ ತೀರಿಕೊಂಡ. ಅದೇ ಡಿಸೆಂಬರ್‌ನಲ್ಲಿ ಎಂಟನೇ ಎಡ್ವರ್ಡ್ ಪಟ್ಟ ತ್ಯಜಿಸಿದ್ದರಿಂದ ಆ ವರ್ಷ ಸಂದೇಶವಿರಲಿಲ್ಲ. ತೊದಲುವಿಕೆಯಿಂದ ಬಳಲುತ್ತಿದ್ದ ಆರನೇ ಜಾರ್ಜ್ 1937ರಲ್ಲಿ ಮಾತಾಡಿದ, 1938ರಲ್ಲಿ ಮಾತಾಡಲಿಲ್ಲ. ಯುದ್ಧದ ಮೊದಲ ಕ್ರಿಸ್‌ಮಸ್ ಆದ 1939ರಿಂದ ಮಾತ್ರ ಅದು ವರ್ಷ ತಪ್ಪದ ಕಟ್ಟಳೆಯಾಯಿತು. ದೀಪ ಆರಿಸಿದ ಊರುಗಳು, ಊರು ಬಿಟ್ಟ ಮಕ್ಕಳು, ದೂರದ ರಣರಂಗದಲ್ಲಿದ್ದ ಗಂಡಸರು ಎಂಬ ಸ್ಥಿತಿಯಲ್ಲಿ, ಬೇರೆ ಬೇರೆ ಕಡೆ ಇರುವವರು ಒಂದೇ ಗಳಿಗೆಯಲ್ಲಿ ಒಂದೇ ಮಾತನ್ನು ಕೇಳುತ್ತಿದ್ದಾರೆ ಎಂಬ ಅರಿವಿಗೆ ಅದಕ್ಕೆ ಮೊದಲಿಲ್ಲದ ಬೆಲೆ ಬಂತು. ಸಂದೇಶದಲ್ಲಿ ಹೇಳಿದ್ದೇನು ಎಂಬುದಕ್ಕಿಂತ ಅದನ್ನು ಯಾರ ಜೊತೆಯಲ್ಲಿ ಕೇಳಿದಂತಾಯಿತು ಎಂಬುದು ಮುಖ್ಯವಾದದ್ದು ಈ ಆರು ಯುದ್ಧಕಾಲದ ಹಬ್ಬಗಳಲ್ಲಿ.

ಯುದ್ಧಾನಂತರದ ದಿನಚರಿ ಈ ಅಡಿಪಾಯದ ಮೇಲೆ ನಿಂತಿತು. ಬಿಬಿಸಿಯ ಹೋಮ್ ಸರ್ವಿಸ್ ವಾಹಿನಿಯ ಜೊತೆಗೆ 1945ರಲ್ಲಿ ಲೈಟ್ ಪ್ರೋಗ್ರಾಂ, 1946ರಲ್ಲಿ ಥರ್ಡ್ ಪ್ರೋಗ್ರಾಂ ಎಂಬ ವಾಹಿನಿಗಳು ಬಂದವು. 1950ರಲ್ಲಿ ರೇಡಿಯೊ ಲೈಸೆನ್ಸುಗಳು 1.1 ಕೋಟಿ ಮೀರಿದ್ದರೆ ಟೆಲಿವಿಷನ್ ಲೈಸೆನ್ಸುಗಳು ಸುಮಾರು 3.4 ಲಕ್ಷ ಮಾತ್ರ. ವಿದ್ಯುತ್ತಿಲ್ಲದ ಹಳ್ಳಿಮನೆಗಳಲ್ಲಿ ಸೆಟ್ಟಿನ ವಾಲ್ವುಗಳಿಗೆ ಕಾವು ಕೊಡಲು ಗಾಜಿನ ಡಬ್ಬಿಯ 2 ವೋಲ್ಟ್ ಅಕ್ಯುಮುಲೇಟರ್ ಬೇಕಿತ್ತು. ಆಮ್ಲ ತುಂಬಿದ ಆ ಭಾರದ ಡಬ್ಬಿಯನ್ನು ಅಂಗಡಿಗೆ ಹೊತ್ತೊಯ್ದು ಚಾರ್ಜ್ ಮಾಡಿಸಬೇಕು. ಹಬ್ಬದ ದಿನ ಅಂಗಡಿ ಮುಚ್ಚಿರುವುದರಿಂದ ಮಾಂಸ, ಸಕ್ಕರೆಯ ಪಡಿತರದಂತೆ ಇದನ್ನೂ ಮುಂಚೆಯೇ ಹೊಂದಿಸಿಕೊಳ್ಳಬೇಕಿತ್ತು. ಯಾವ ಹೊತ್ತಿಗೆ ಏನು ಕೇಳಬೇಕೆಂದು ತಿಳಿಯಲು ರೇಡಿಯೊ ಟೈಮ್ಸ್ ವಾರಪತ್ರಿಕೆಯ ಕ್ರಿಸ್‌ಮಸ್ ಸಂಚಿಕೆ ಇತ್ತು. 1950ರ ದಶಕದ ನಡುವೆ ಆ ಪತ್ರಿಕೆಯ ಪ್ರಸಾರ 80 ಲಕ್ಷ ದಾಟಿತ್ತು. ಇಷ್ಟು ಪ್ರತಿಗಳು ಮಾರಾಟವಾಗುತ್ತಿದ್ದದ್ದು ಮುಖ್ಯವಾಗಿ ಒಂದು ವೇಳಾಪಟ್ಟಿ ಎಂಬುದನ್ನು ಗಮನಿಸಬೇಕು.

ಕಾರ್ಯಕ್ರಮಗಳ ಸಾಲಿನಲ್ಲೂ ಒಂದು ಲೆಕ್ಕವಿತ್ತು. ದೊರೆ ನೇರವಾಗಿ ಬಂದು ಮಾತಾಡುತ್ತಿರಲಿಲ್ಲ. ಸಾಮಾನ್ಯರ ಧ್ವನಿಗಳು ಅವನಿಗೆ ದಾರಿ ಮಾಡಿಕೊಡುತ್ತಿದ್ದವು. 1934ರಲ್ಲಿ ಐದನೇ ಜಾರ್ಜನನ್ನು ಪರಿಚಯಿಸಿದವನು ವಾರ್ವಿಕ್‌ಷೈರ್‌ನ ಇಲ್ಮಿಂಗ್ಟನ್ ಹಳ್ಳಿಯ 65 ವರ್ಷದ ಒಬ್ಬ ಕುರಿಗಾಹಿ. ಹಿನ್ನೆಲೆಗೆ ಊರ ಚರ್ಚಿನ ಘಂಟೆ ಮತ್ತು ಗಾಯಕವೃಂದ. ರೂಪಕ ವಿಭಾಗದ ಲಾರೆನ್ಸ್ ಗಿಲಿಯಂ ಇಂಥ ಕೊಂಡಿಕೊಂಡಿಯ ಕಾರ್ಯಕ್ರಮಗಳನ್ನು ವರ್ಷವರ್ಷವೂ ರೂಪಿಸಿದ. ಮಕ್ಕಳ ಪಾಲಿಗೆ ಚಿಲ್ಡ್ರನ್ಸ್ ಅವರ್ ಇತ್ತು. ಜಾನ್ ಮೇಸ್‌ಫೀಲ್ಡ್‌ನ ‘ದ ಬಾಕ್ಸ್ ಆಫ್ ಡಿಲೈಟ್ಸ್’ 1943ರಲ್ಲಿ, ಮತ್ತೆ 1948ರಲ್ಲಿ ಅದರಲ್ಲಿ ನಾಟಕವಾಗಿ ಬಂತು. ಡಿಲನ್ ಥಾಮಸ್ ವೇಲ್ಸ್‌ನ ಬಾಲ್ಯದ ಕ್ರಿಸ್‌ಮಸ್ ಕುರಿತು ಬರೆದ, ಮುಂದೆ ಪ್ರಸಿದ್ಧವಾದ ಗದ್ಯದ ಮೊದಲ ರೂಪವೂ 1945ರ ರೇಡಿಯೊ ಬರಹವೇ. ಭಕ್ತಿ, ಅರಸೊತ್ತಿಗೆ, ಆಟ, ನಗೆ ಇವು ಬೇರೆ ಬೇರೆ ಸಭಿಕರಿಗೆ ಮೀಸಲಾದವು. ಅವನ್ನು ಒಂದೇ ಪೆಟ್ಟಿಗೆಯಿಂದ ಒಂದಾದ ಮೇಲೊಂದು ಹೊರಡಿಸಿದ್ದರಿಂದ ಅಜ್ಜಿಗೂ ಮೊಮ್ಮಗನಿಗೂ ದಿನದ ಆಕಾರ ಒಂದೇ ಆಯಿತು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ: ಕ್ರಿಸ್‌ಮಸ್ ಮರ, ಕ್ಯಾರೊಲ್, ಡಿಕನ್ಸ್‌ನ 1843ರ ಕಥೆ ಎಲ್ಲವೂ ವಿಕ್ಟೋರಿಯಾ ಕಾಲದಲ್ಲೇ ಮನೆಹಬ್ಬವನ್ನು ಕಟ್ಟಿಕೊಟ್ಟಿದ್ದವು, ರೇಡಿಯೊ ಅದನ್ನು ಹಂಚಿತಷ್ಟೆ ಎಂಬುದು. ಸರಕು ಹಳೆಯದೆಂಬ ಮಾತು ನಿಜ. ಆದರೆ 1843ರಲ್ಲಿ ಒಂದು ಪುಸ್ತಕವನ್ನು ಯಾವ ಮನೆಯವರು ಯಾವ ರಾತ್ರಿ ಓದಿದರೂ ನಡೆಯುತ್ತಿತ್ತು. ಪ್ರಸಾರ ಆ ಸ್ವಾತಂತ್ರ್ಯವನ್ನು ಕಿತ್ತುಕೊಂಡು ಪ್ರತಿಯಾಗಿ ಏಕಕಾಲತೆಯನ್ನು ಕೊಟ್ಟಿತು. ಹಳೆಯದನ್ನು ಹಂಚುವುದಷ್ಟೇ ಅದರ ಕೆಲಸವಾಗಿದ್ದರೆ ಹೊಸ ಬರಹ ಅಷ್ಟು ಗದ್ದಲ ಎಬ್ಬಿಸಬೇಕಿರಲಿಲ್ಲ. ಡೊರೊತಿ ಸೇಯರ್ಸ್ ಬರೆದ ಕ್ರಿಸ್ತಜನನದ ನಾಟಕ 1938ರ ಕ್ರಿಸ್‌ಮಸ್ ದಿನ ಪ್ರಸಾರವಾಯಿತು. ಕ್ರಿಸ್ತನ ಬದುಕಿನ ಕುರಿತ ಆಕೆಯ ನಾಟಕಮಾಲೆ 1941ರ ಡಿಸೆಂಬರ್ 21ರಂದು ಶುರುವಾದಾಗ, ನಟನೊಬ್ಬ ಯೇಸುವಿನ ಮಾತಾಡುವುದು, ಪಾತ್ರಗಳು ಆಡುನುಡಿ ಬಳಸುವುದು ಸಲ್ಲದೆಂದು ದೊಡ್ಡ ಪ್ರತಿಭಟನೆಯೇ ನಡೆಯಿತು. ಬಿಬಿಸಿ ಹಿಂಜರಿಯಲಿಲ್ಲ.

ಎರಡನೆಯ ಆಕ್ಷೇಪ ರಾಜಕೀಯದ್ದು: ಏಕಸ್ವಾಮ್ಯದ ಸಂಸ್ಥೆಯೊಂದು ಸಾಮ್ರಾಜ್ಯದ ವೈಭವವನ್ನು ಹಬ್ಬದ ತಟ್ಟೆಯಲ್ಲಿಟ್ಟು ಬಡಿಸಿತು, ಇಡೀ ರಾಷ್ಟ್ರ ಎಂಬುದೇ ಕಟ್ಟುಕಥೆ ಎಂಬುದು. ಇದರಲ್ಲಿ ಒಪ್ಪಬೇಕಾದದ್ದು ಬಹಳವಿದೆ. ಎಂಪೈರ್ ಸರ್ವಿಸ್ ಹುಟ್ಟಿದ ಉದ್ದೇಶವೇ ಅದು. ಸ್ಕಾಟ್ಲೆಂಡಿನಲ್ಲಂತೂ 1958ರವರೆಗೆ ಡಿಸೆಂಬರ್ 25 ಸಾರ್ವಜನಿಕ ರಜೆಯೇ ಆಗಿರಲಿಲ್ಲ. ಅಲ್ಲಿನವರಿಗೆ ಹೊಸವರ್ಷವೇ ದೊಡ್ಡ ಹಬ್ಬ, ಕ್ರಿಸ್‌ಮಸ್ ದಿನ ಅನೇಕರು ಕೆಲಸದಲ್ಲಿರುತ್ತಿದ್ದರು. ಹೀಗಾಗಿ ರಾಷ್ಟ್ರವೆಲ್ಲ ಒಂದಾಗಿ ಆಚರಿಸಿತೆಂಬ ಮಾತನ್ನು ಕೈಬಿಡಬೇಕು. ಆದರೆ ಸಾಮ್ರಾಜ್ಯ ಕರಗಿದ ಮೇಲೂ ಪದ್ಧತಿ ಉಳಿದದ್ದನ್ನು ಈ ಆಕ್ಷೇಪ ವಿವರಿಸಲಾರದು. ಭಾರತ 1947ರಲ್ಲಿ ಸ್ವತಂತ್ರವಾಗಿ 1950ರಲ್ಲಿ ಗಣರಾಜ್ಯವಾಯಿತು. 1952ರಲ್ಲಿ ಎರಡನೇ ಎಲಿಜಬೆತ್ ತಂದೆ, ತಾತ ಬಳಸಿದ ಅದೇ ಮೇಜಿನ ಮುಂದೆ ಕುಳಿತು ಮೊದಲ ಸಂದೇಶ ಕೊಟ್ಟಾಗ ಭಾರತದ ಮಟ್ಟಿಗೆ ಆಕೆ ಕಾಮನ್‌ವೆಲ್ತ್‌ನ ಮುಖ್ಯಸ್ಥೆ ಮಾತ್ರ. ಹೇಳುವ ವಿಷಯ ಸಾಮ್ರಾಜ್ಯದಿಂದ ಕುಟುಂಬಕ್ಕೆ ಜಾರಿತ್ತು. 3 ಗಂಟೆ ಮಾತ್ರ ಜಾರಲಿಲ್ಲ.

ಧ್ವನಿಯ ನೇರತೆಯೇ ಆಕರ್ಷಣೆಯಾಗಿತ್ತೆಂದು ವಾದಿಸುವವರಿಗೆ 1951 ಉತ್ತರ ಕೊಡುತ್ತದೆ. ಸೆಪ್ಟೆಂಬರ್‌ನಲ್ಲಿ ಶ್ವಾಸಕೋಶದ ಶಸ್ತ್ರಚಿಕಿತ್ಸೆಯಾಗಿದ್ದ ಆರನೇ ಜಾರ್ಜನ ಕೊನೆಯ ಸಂದೇಶವನ್ನು ತುಣುಕು ತುಣುಕಾಗಿ ಧ್ವನಿಮುದ್ರಿಸಿ ಜೋಡಿಸಲಾಗಿತ್ತು. ಮುಂದಿನ ಫೆಬ್ರವರಿ 6ರಂದು ದೊರೆ ತೀರಿಕೊಂಡ. 1957ರಲ್ಲಿ ಸಂದೇಶ ಮೊದಲ ಬಾರಿಗೆ ಟೆಲಿವಿಷನ್‌ನಲ್ಲಿ ಬಂತು. ಇತರ ದೇಶಗಳು ತಮಗೆ ಒಪ್ಪುವ ಹೊತ್ತಿಗೆ ತೋರಿಸಲು ಅನುವಾಗಲೆಂದು 1960ರಿಂದ ಅದನ್ನು ಮೊದಲೇ ಮುದ್ರಿಸತೊಡಗಿದರು. ಅಲ್ಲಿಗೆ 3 ಗಂಟೆಯನ್ನು ಆರಿಸಿದ ಮೂಲ ಕಾರಣವೇ ಇಲ್ಲವಾಯಿತು. ಆದರೂ ಬ್ರಿಟನ್ನಿನಲ್ಲಿ ಅದೇ ಹೊತ್ತು ಉಳಿಯಿತು. ಶಾರ್ಟ್‌ವೇವ್, ನೇರಪ್ರಸಾರ, ಸಾಮ್ರಾಜ್ಯ ಒಂದೊಂದಾಗಿ ಹಿಂದೆ ಸರಿದ ಮೇಲೂ ನಿಂತದ್ದು ಅದೊಂದೇ ಆದ್ದರಿಂದ, ಶತಮಾನದ ನಡುಗಾಲದ ರೇಡಿಯೊ ಬ್ರಿಟಿಷ್ ಕ್ರಿಸ್‌ಮಸ್‌ಗೆ ಸೇರಿಸಿದ ಅತಿ ಗಟ್ಟಿಯಾದ ಅಂಶ ಯಾವುದೇ ಹಾಡು, ನಾಟಕ, ಭಾಷಣವಲ್ಲ, ಆ ನಿಗದಿಯಾದ ಹೊತ್ತು ಎಂದೇ ತೀರ್ಮಾನಿಸಬೇಕಾಗುತ್ತದೆ.