ಪುಣೆಯಲ್ಲೊಂದು ಶನಿವಾರ

2008ರ ಸೆಪ್ಟೆಂಬರ್, ಮೂರನೇ ಶನಿವಾರ. ಪುಣೆಯ ಕಾಲೇಜೊಂದರಲ್ಲಿ ಸಾಫ್ಟ್‌ವೇರ್ ಫ್ರೀಡಂ ಡೇ. ಈ ಹಬ್ಬ 2004ರದ್ದು. ಮೂಲಕತೆ ಮಾತ್ರ 1983ರದ್ದು, ರಿಚರ್ಡ್ ಸ್ಟಾಲ್ಮನ್ ಗ್ನು ಯೋಜನೆ ಸಾರಿದಾಗಿನದು. ‘ಫ್ರೀ’ ಅಂದ್ರೆ ಪುಕ್ಕಟೆ ಅಲ್ಲ, ಸ್ವತಂತ್ರ ಅಂತ ಹುಡುಗರು ಮರಾಠಿಯಲ್ಲಿ ಬಿಡಿಸಿ ಹೇಳಿದರು.

ನನ್ನ ಚಿಂತೆಯೇ ಬೇರೆ. ಅಪ್ಪ ಊರಿಂದ ಟೈಪ್ ಮಾಡಿಸಿ ಕಳಿಸಿದ್ದ ಕಾಗದಗಳು ಹೊಸ ಕಂಪ್ಯೂಟರಿನಲ್ಲಿ ಬರೀ ಸೊಟ್ಟಪಟ್ಟ ಗುರುತುಗಳಾಗಿದ್ದವು. ಮತ್ತೆ ಬರೆಸೋಣವೆಂದರೆ ಅಪ್ಪ ಇಲ್ಲ. ಹಳೇ ಫಾಂಟು ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿತ್ತು. ಫಾಂಟು ಹೋದರೆ ಓದೂ ಹೋಯಿತು. ಯುನಿಕೋಡ್‌ನಲ್ಲಿ ಹಾಗಲ್ಲ, ‘ಕ’ ಎಂದರೆ ಎಲ್ಲೆಡೆ 3221.

ಅಚ್ಚಾಗಿದ್ದ ಒಂದೇ ಕಾಗದ ಮುಂದಿಟ್ಟುಕೊಂಡು, ಯಾವ ಗುರುತಿಗೆ ಯಾವ ಅಕ್ಷರ ಎಂದು ನಾನು ಹೇಳುತ್ತ ಹೋದೆ. ಕನ್ನಡ ಬಾರದ ಹುಡುಗನೊಬ್ಬ ಪುಟ್ಟ ಪ್ರೋಗ್ರಾಂ ಬರೆದ. ಸಂಜೆಗೆ ಲೋಹಿತ್ ಫಾಂಟಿನಲ್ಲಿ ಮೊದಲ ಸಾಲು ಮೂಡಿತು: ಎಮ್ಮೆ ಈದಿದೆ, ಮಳೆ ಚೆನ್ನಾಗಿದೆ. ಒತ್ತಕ್ಷರ ಎರಡು ತಪ್ಪಾಗಿದ್ದವು. ತಿದ್ದಲಿಲ್ಲ.